ಮಾವ ಕತ್ತರಿಸಿಕೊಟ್ಟ ಕಾಲು ಮಾತ್ರೆ

ತಲೆಕೂದಲು ಉದುರುವುದೇನು ಪ್ರಾಣ ಹೋಗುವ ಕಾಯಿಲೆಯೇ? ಅಲ್ಲ. ನಾನೂ ಹಾಗೆಯೇ ಹೇಳಿದೆ. ಒಂದಲ್ಲ, ನೂರು ಸಲ ಹೇಳಿದೆ. ನನ್ನ ಮಾತು ನಮ್ಮ ಮನೆಯಲ್ಲಿ ಕೇಳುವವರು ಯಾರು? ಹೋಗಲಿ, ನಾನಾದರೂ ಏನು ಕಡಿಮೆ? ಬಾಯಲ್ಲಿ ಬೇಡ ಎನ್ನುತ್ತಲೇ ಕೈಯಲ್ಲಿ ಮಾತ್ರೆಯ ಪೊಟ್ಟಣ ಕಟ್ಟಿಕೊಟ್ಟೆ. ಅದಕ್ಕೇ ಈ ಕಥೆಯನ್ನು ಬೇರೆಯವರಿಂದ ಹೇಳಿಸದೆ ನಾನೇ ಹೇಳುತ್ತಿದ್ದೇನೆ.

ನಮ್ಮದು ಬೈಂಡಿಂಗ್ ಕೆಲಸ. ಪ್ರೆಸ್ಸಿನಿಂದ ಅಚ್ಚಾದ ದೊಡ್ಡ ದೊಡ್ಡ ಹಾಳೆಗಳು ಬರುತ್ತವೆ. ಅವನ್ನು ಮಡಿಸಿ, ಜೋಡಿಸಿ, ಹೊಲಿದು, ಅಂಟು ಹಾಕಿ, ಅಂಚು ಕತ್ತರಿಸಿ ಪುಸ್ತಕ ಮಾಡಿ ಕಳಿಸುತ್ತೇವೆ. ಕೆಳಗೆ ಅಂಗಡಿ, ಮೇಲೆ ಮನೆ. ಮಡಿಸುವ ಮೇಜು ನನ್ನದು. ಕತ್ತರಿಸುವ ಯಂತ್ರ ನಮ್ಮ ಯಜಮಾನರದು. ಮೂವತ್ತು ವರ್ಷದಲ್ಲಿ ಒಂದು ದಿನವೂ ಅದರ ಹಿಡಿಯನ್ನು ಇನ್ನೊಬ್ಬರಿಗೆ ಮುಟ್ಟಲು ಬಿಟ್ಟವರಲ್ಲ. ತಾವು ಕತ್ತರಿಸಿದರೆ ಒಂದೆಳೆ ಆಚೀಚೆ ಆಗುವುದಿಲ್ಲ ಎಂಬ ಜಂಬ ಅವರಿಗೆ. ಜಂಬ ಸುಳ್ಳಲ್ಲ ಬಿಡಿ, ಕೈ ಅಷ್ಟು ಚೊಕ್ಕ.

ಅಂಟು ಮತ್ತು ಹೊಲಿಗೆ ನಮ್ಮ ಅಳಿಯನದು. ಅಳಿಯ ಎಂದರೆ ಮಗಳ ಗಂಡನಲ್ಲ, ಯಜಮಾನರ ಅಕ್ಕನ ಮಗ. ಓದು ಮುಗಿಸಿ ನೇರ ನಮ್ಮಲ್ಲಿಗೇ ಕೆಲಸಕ್ಕೆ ಬಂದವನು ನಮ್ಮ ಮನೆಯವನೇ ಆಗಿಹೋದ. ಚಿಕ್ಕಂದಿನಲ್ಲಿ ತಲೆ ತುಂಬ ಸುರುಳಿ ಸುರುಳಿ ಕೂದಲಿತ್ತೆಂದು ಎಲ್ಲರ ಬಾಯಲ್ಲೂ ಅವನು ಗುಂಗುರು. ಹೆಸರಿಟ್ಟವರಿಗೇನು ಗೊತ್ತು? ಮೂವತ್ತು ತುಂಬುವ ಮೊದಲೇ ಆ ಗುಂಗುರೆಲ್ಲ ಬಾಚಣಿಗೆಗೆ ಬರತೊಡಗಿತು.

"ಏನಪ್ಪಾ ಗುಂಗುರು, ಇನ್ನು ನಿನ್ನ ಹೆಸರು ಬದಲಾಯಿಸೋಣ್ವಾ?" ಎಂದು ಪ್ರೆಸ್ಸಿನವರು ಹಾಳೆ ಇಳಿಸುವಾಗಲೆಲ್ಲ ಕಿಚಾಯಿಸುತ್ತಿದ್ದರು. ಅವನೂ ನಗುತ್ತಿದ್ದ. ಆದರೆ ಅಂಟಿನ ಮೇಜಿನ ಮುಂದೆ, ಸೆಕೆಯಲ್ಲೂ, ತಲೆಯ ಮೇಲೆ ಟೋಪಿ ಬಂತು.

ಅವನಿಗೆ ಮದುವೆಯಾಗಿ ವರ್ಷವಾಗಿತ್ತಷ್ಟೆ. ಹುಡುಗಿ ನನ್ನ ಜೊತೆ ಮಡಿಸುವ ಮೇಜಿನಲ್ಲೇ ಕೂರುತ್ತಾಳೆ. ಚುರುಕು ಬೆರಳು, ಅದಕ್ಕಿಂತ ಚುರುಕು ಬಾಯಿ. "ಅತ್ತೆ, ನಾನೇನು ಇವರ ಕೂದಲನ್ನ ಮದ್ವೆ ಆಗಿದೀನಾ? ಹೇಳಿ ಸ್ವಲ್ಪ" ಎನ್ನುತ್ತಿದ್ದಳು. ನಾನು ಹೇಳಿದೆ. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆಗ ಕ್ಷೌರದ ಅಂಗಡಿಯವನು ಒಂದು ಮಾತು ಬಿಟ್ಟ. "ಕೂದಲಿಗೊಂದು ಮಾತ್ರೆ ಇದೆ. ನಿಮ್ಮ ಮಾವ ಮೂತ್ರ ಕಟ್ಕೊಳ್ಳುತ್ತೆ ಅಂತ ತಗೋತಾರಲ್ಲ, ಅದೂ ಇದೂ ಒಂದೇ. ಇದಕ್ಕೆ ಅದ್ರಲ್ಲಿ ಕಾಲು ಭಾಗ ಸಾಕು." ಆ ಮಾತಿನಲ್ಲಿ ನಿಜ ಇತ್ತೆಂದು ಆಮೇಲೆ ಗೊತ್ತಾಯಿತು. ಅರ್ಧ ನಿಜ ತಿಳಿದವನ ಔಷಧಿ ಪೂರ್ತಿ ಅಪಾಯ.

ಹಿತ್ತಲ ಗಿಡ ಮದ್ದಲ್ಲ ಅಂತಾರೆ. ನಮ್ಮ ಮನೆಯಲ್ಲಿ ಮಾವನ ಕಪಾಟೇ ಮೆಡಿಕಲ್ ಶಾಪಾಯಿತು.

"ಡಾಕ್ಟ್ರ ಹತ್ರ ಯಾಕೋ ಹೋಗ್ತೀಯ? ಮನೇಲೇ ಇದೆ" ಎಂದು ಯಜಮಾನರು ಕಾಗದ ಕತ್ತರಿಸುವ ಬ್ಲೇಡು ತಂದು, ಕನ್ನಡಕ ಏರಿಸಿ, ಒಂದು ಮಾತ್ರೆಯನ್ನು ನಾಲ್ಕು ಮಾಡಿ ರಟ್ಟಿನ ಮೇಲೆ ಸಾಲಾಗಿ ಇಟ್ಟರು. "ನೋಡೇ ಇವಳೇ! ಬೇಕಾದ್ರೆ ತೂಕ ಹಾಕು, ನಾಲ್ಕೂ ಒಂದೇ ಸಮ!"

"ರೀ, ನಿಮಗೆ ಅಂತ ಕೊಟ್ಟಿದ್ದು ಅವನಿಗೆ ಯಾಕೆ? ಒಂದು ಮಾತು ಕೇಳ್ಬಾರದಾ?" ಎಂದೆ.

"ಕೇಳೋಕೇನಿದೆ? ನಾನು ಇಡೀ ಮಾತ್ರೆ ನುಂಗಲ್ವಾ? ನನಗೇನಾಗಿದೆ?"

ವಾರಕ್ಕೆ ಏಳು ತುಂಡು ಎಣಿಸಿ, ಚೂರು ಕಾಗದದಲ್ಲಿ ಪೊಟ್ಟಣ ಕಟ್ಟಿ, ಅವನ ಅಂಟಿನ ಮೇಜಿನ ಮೇಲೆ ಇಡುವುದು ನನ್ನ ಕೆಲಸವಾಯಿತು.

ಮೂರ್ನಾಲ್ಕು ತಿಂಗಳಿಗೆ ಕೂದಲು ಉದುರುವುದು ಕಡಿಮೆಯಾಯಿತು. ಯಜಮಾನರು ಎದೆ ಉಬ್ಬಿಸಿಕೊಂಡು ತಿರುಗಿದರು. ಆದರೆ ಹುಡುಗ ಬದಲಾದ. ನಗು ಹೋಯಿತು. ನಿದ್ದೆ ಹೋಯಿತು, ಬೆಳಗ್ಗೆ ಕಣ್ಣು ಕೆಂಪಗಿಟ್ಟುಕೊಂಡು ಇಳಿದು ಬರುತ್ತಿದ್ದ. ಒಂದು ಪುಸ್ತಕದ ಹೊಲಿಗೆ ಎರಡು ಸಲ ಬಿಚ್ಚಿ ಹಾಕುತ್ತಿದ್ದ. ಹೆಂಡತಿ ಪಕ್ಕ ಬಂದು ಕೂತರೆ ಎದ್ದು ಅಂಟು ಕಲಸಲು ಹೋಗುತ್ತಿದ್ದ. ಅಷ್ಟು ಅಂಟು ಯಾರಿಗೆ ಬೇಕಾಗಿತ್ತು?

ಹುಡುಗಿ ಮೊದಲು ಜಗಳವಾಡಿದಳು. ಆಮೇಲೆ ಅತ್ತಳು. ಆಮೇಲೆ ಸುಮ್ಮನಾದಳು. ಅವಳು ಸುಮ್ಮನಾದದ್ದು ಕಂಡು ನನಗೆ ಭಯವಾಯಿತು. ಒಂದು ಮಂಗಳವಾರ ಬಟ್ಟೆ ಒಣಗಿಸುವಾಗ ಹೇಳಿದಳು, "ಅತ್ತೆ, ಶನಿವಾರ ಅಮ್ಮನ ಮನೆಗೆ ಹೋಗ್ತೀನಿ. ಬರ್ತೀನಾ ಇಲ್ವಾ ಗೊತ್ತಿಲ್ಲ. ಅವರಿಗೆ ನಾನು ಬೇಡ. ಬಾಯಿ ಬಿಟ್ಟು ಹೇಳಿಲ್ಲ, ಅಷ್ಟೆ."

"ಅವನು ಹೇಳಿದ್ನಾ?"

"ನಾನೇ ಕೇಳ್ದೆ, ಹೋಗ್ಲಾ ಅಂತ. ಹೋಗು, ನಿನಗೆ ಒಳ್ಳೇದಾಗ್ಲಿ ಅಂದ್ರು. ಅತ್ತೆ, ಯಾರಾದ್ರೂ ಹೆಂಡ್ತಿಗೆ ಹಾಗೆ ಹೇಳ್ತಾರಾ?"

ಓಡಿ ಹೋಗಿ ಯಜಮಾನರಿಗೆ ಹೇಳಿದರೆ, "ಸೋಮಾರಿ ಆಗಿದಾನೆ. ನಾಲ್ಕು ಬಾರಿಸಿದ್ರೆ ಸರಿಹೋಗ್ತಾನೆ" ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಬುದ್ಧಿ. ಅವರ ಮೇಲೆ ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆಯುವುದು ಬೇಡ.

ಮರುದಿನ ಬುಧವಾರ ಪ್ರೆಸ್ಸಿನಿಂದ ಹೊಸ ಕೆಲಸ ಬಂತು. ಒಂದು ದೊಡ್ಡ ಆಸ್ಪತ್ರೆಯ ಕಿರುಪುಸ್ತಕ, ಹದಿನಾರು ಪುಟ, ಮಡಿಸಿ ನಡುವೆ ಎರಡು ಪಿನ್ ಹೊಡೆದರಾಯಿತು. ನಮ್ಮ ಅಂಗಡಿಯಲ್ಲಿ ಒಂದು ಕಟ್ಟುಪಾಡಿದೆ. ಕಟ್ಟುವವರು ಓದಬಾರದು. ಓದುತ್ತ ಕೂತರೆ ಕೈ ನಿಲ್ಲುತ್ತದೆ, ಲೆಕ್ಕ ತಪ್ಪುತ್ತದೆ, ಪುಟ ಹಿಂದುಮುಂದಾಗುತ್ತದೆ. ನಾವು ನೋಡುವುದು ಪುಟದ ಅಂಕಿ ಮಾತ್ರ. ಮೂವತ್ತು ವರ್ಷದಲ್ಲಿ ಎಷ್ಟು ಸಾವಿರ ಪುಸ್ತಕ ನನ್ನ ಕೈ ದಾಟಿದವೋ, ಒಂದರ ಒಳಗೂ ಏನಿತ್ತೆಂದು ಕೇಳಬೇಡಿ.

ಹುಡುಗಿಗೆ ಅವತ್ತು ಕಟ್ಟುಪಾಡಿನ ಮೇಲೆ ಆಸಕ್ತಿ ಇರಲಿಲ್ಲ. ಹೇಗೂ ಹೋಗುವವಳು. ಮಡಿಸುತ್ತ ಮಡಿಸುತ್ತ ಅವಳ ಕೈ ನಿಂತಿತು.

"ಯಾಕಮ್ಮಾ?" ಎಂದೆ.

ಅವಳು ಹಾಳೆಯೊಂದನ್ನು ಮಡಿಲಲ್ಲಿಟ್ಟುಕೊಂಡು ಓದುತ್ತಿದ್ದಳು. ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಆಸ್ಪತ್ರೆಯಿಂದ ಸಿಸ್ಟರ್ ಬಂದಿದ್ದರು, ಮೊದಲ ನೂರು ಪ್ರತಿ ನೋಡಿಕೊಂಡು ಹೋಗಲು. ನಲವತ್ತರ ಆಸುಪಾಸಿನ ಹೆಂಗಸು, ಹೆಗಲಲ್ಲೊಂದು ದಪ್ಪ ಚೀಲ. ನಾನು ಸ್ಟೂಲು ಎಳೆದು ಕೂರಿಸಿ ಚಹಾ ಕೊಟ್ಟೆ.

ಅವರು ಒಂದು ಪ್ರತಿ ತಿರುವಿ ನೋಡುತ್ತಿದ್ದವರು ಮೇಜಿನ ಮೇಲಿದ್ದ ರಟ್ಟು ಕಂಡು ಕೈ ನಿಲ್ಲಿಸಿದರು. ಅದರ ಮೇಲೆ ಯಜಮಾನರು ಬೆಳಗ್ಗೆ ತಾನೇ ಕತ್ತರಿಸಿಟ್ಟ ತುಂಡುಗಳು, ಪಕ್ಕದಲ್ಲಿ ಮಾತ್ರೆಯ ಸ್ಟ್ರಿಪ್.

"ಇದು ಯಾರದು?"

"ನಮ್ಮ ಯಜಮಾನರದು. ತುಂಡುಗಳು ನಮ್ಮ ಅಳಿಯನಿಗೆ, ಕೂದಲಿಗೆ" ಎಂದೆ. ಏನೋ ಉಪ್ಪಿನ ಪೊಟ್ಟಣದ ಬಗ್ಗೆ ಹೇಳಿದ ಹಾಗೆ ಹೇಳಿಬಿಟ್ಟೆ ನೋಡಿ!

ಸಿಸ್ಟರ್ ಸ್ಟ್ರಿಪ್ ಎತ್ತಿ ಓದಿದರು. ಅವರ ಮುಖ ಬದಲಾಯಿತು. ಬೈಯಲಿಲ್ಲ. ಮೊದಲು ಹುಡುಗಿಯತ್ತ ತಿರುಗಿದರು. "ಅಮ್ಮಾ, ಒಡೆದ ತುಂಡು, ಪುಡಿ ನೀನು ಮುಟ್ತೀಯಾ? ಹೆಣ್ಣುಮಕ್ಕಳು, ಅದರಲ್ಲೂ ಬಸುರಿ ಇರೋರು, ಆಗಬಹುದಾದೋರು, ಈ ಮಾತ್ರೆ ಒಡೆದಿದ್ದನ್ನ ಮುಟ್ಟಬಾರದು. ಹೊಟ್ಟೇಲಿರೋ ಗಂಡುಮಗುಗೆ ತೊಂದರೆ ಆಗಬಹುದು. ನಿನಗೇನಾದ್ರೂ ವಿಶೇಷ..."

ಹುಡುಗಿ ನಕ್ಕಳು. ಅಂಥ ನಗು ನಾನು ಕೇಳಿರಲಿಲ್ಲ.

"ಆ ಭಯ ಇಲ್ಲ ಬಿಡಿ ಸಿಸ್ಟರ್. ಒಂದು ವರ್ಷದಿಂದ ಆ ಭಯ ಇಲ್ಲ."

ಆ ಕಡೆ ಅಂಟಿನ ಬ್ರಷ್ಷು ಹಿಡಿದು ನಿಂತಿದ್ದ ಗುಂಗುರು ಗೋಡೆಯತ್ತ ತಿರುಗಿದ. ಯಜಮಾನರು ಯಂತ್ರದ ಹಿಡಿಯ ಮೇಲೆ ಕೈ ಇಟ್ಟು ಹಾಗೇ ನಿಂತರು.

ಹುಡುಗಿ ತನ್ನ ಮಡಿಲಲ್ಲಿದ್ದ ಹಾಳೆಯನ್ನು ಸಿಸ್ಟರ್ ಮುಂದೆ ಹಿಡಿದಳು. "ಇದರಲ್ಲಿ ಬರೆದಿರೋದು ನಿಜಾನಾ? ಕೂದಲಿನ ಮಾತ್ರೆಯಿಂದ ಹೀಗಾಗುತ್ತಾ? ಮನಸ್ಸು ಕುಗ್ಗೋದು, ನಿದ್ದೆ ಬರದೇ ಇರೋದು, ಗಂಡಹೆಂಡ್ತಿ..." ಮುಂದಿನ ಸಾಲನ್ನು ಬೆರಳಿಟ್ಟು ತೋರಿಸಿದಳು.

ನಾವು ಮಡಿಸುತ್ತಿದ್ದ ಕಿರುಪುಸ್ತಕ ಅದರದೇ ಆಗಿತ್ತು! ಬೆಳಗ್ಗೆಯಿಂದ ನಾಲ್ಕುನೂರು ಮಡಿಸಿದ್ದೆ. ನನ್ನ ಕಣ್ಣಿಗೆ ಬಿದ್ದದ್ದು ಪುಟದ ಅಂಕಿ ಮಾತ್ರ.

ಸಿಸ್ಟರ್ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ಇದಕ್ಕೆ ಫಿನಾಸ್ಟರೈಡ್ ಅಂತಾರೆ. ಒಳ್ಳೇ ಔಷಧೀನೇ. ವಯಸ್ಸಾದೋರಿಗೆ ಪ್ರಾಸ್ಟೇಟ್ ಗ್ರಂಥಿ ಊದಿದಾಗ ದೊಡ್ಡ ಪ್ರಮಾಣದಲ್ಲಿ ಕೊಡ್ತಾರೆ. ಕೂದಲಿಗೆ ಸಣ್ಣ ಪ್ರಮಾಣದಲ್ಲಿ ಕೊಡ್ತಾರೆ. ಹೆಚ್ಚಿನವರಿಗೆ ಏನೂ ಆಗಲ್ಲ. ಕೆಲವರಿಗೆ ಆಸಕ್ತಿ ಕುಗ್ಗುತ್ತೆ, ಮನಸ್ಸು ಮಂಕಾಗುತ್ತೆ. ಸಾಮಾನ್ಯವಾಗಿ ಬಿಟ್ಟ ಮೇಲೆ ಸರಿಹೋಗುತ್ತೆ. ಆದ್ರೆ ಕೆಲವರು ಬಿಟ್ಟು ತಿಂಗಳುಗಟ್ಟಲೆ ಆದ್ರೂ ಸರಿಹೋಗಿಲ್ಲ ಅಂತಿದಾರೆ. ಯಾಕೆ ಅಂತ ಇನ್ನೂ ಯಾರಿಗೂ ಖಚಿತವಾಗಿ ಗೊತ್ತಿಲ್ಲ. ಅದನ್ನ ತಿಳ್ಕೊಳ್ಳೋಕೆ ಅಂತಾನೇ ನಮ್ಮಲ್ಲಿ ಅಧ್ಯಯನ ನಡೀತಿದೆ. ಈ ಪುಸ್ತಕ ಅದರದ್ದು."

"ಅವನು ಇವತ್ತೇ ಬಿಡ್ಲಿ ಹಾಗಾದ್ರೆ!" ಎಂದೆ ನಾನು.

ಗುಂಗುರು ಗೋಡೆಯತ್ತಲೇ ಮುಖ ಮಾಡಿಕೊಂಡು ಹೇಳಿದ, "ಬಿಟ್ಟು ಆರು ತಿಂಗಳಾಯ್ತು ಅತ್ತೆ."

"ಅಯ್ಯೋ! ಮತ್ತೆ ನಾನು ವಾರ ವಾರ ಕಟ್ಟಿಕೊಟ್ಟಿದ್ದು?"

"ಕಾಗದದ ಚೂರಿನ ಜೊತೆ ಬುಟ್ಟಿಗೆ ಹಾಕ್ತಿದ್ದೆ. ನಿಮ್ಮ ಮನಸ್ಸಿಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ. ಬಿಟ್ರೆ ಸರಿಹೋಗ್ತೀನಿ ಅಂದ್ಕೊಂಡೆ. ಆಗ್ಲಿಲ್ಲ."

ಹುಡುಗಿ ಎದ್ದು ಅವನ ಹತ್ತಿರ ಹೋದಳು. "ಆರು ತಿಂಗಳು! ನನ್ನ ಹತ್ರ ಒಂದು ಮಾತು ಹೇಳ್ಬಾರದಿತ್ತಾ?"

"ಏನಂತ ಹೇಳ್ಲಿ? ನಾಲ್ಕು ಕೂದಲಿನ ಆಸೆಗೆ ನಿನ್ನ ಜೀವನ ಹಾಳು ಮಾಡ್ದೆ ಅಂತ ಹೇಳ್ಲಾ? ನನ್ನಂಥವನು ಇದ್ದು ಯಾರಿಗೇನು ಪ್ರಯೋಜನ? ಅದಕ್ಕೇ ಹೋಗು ಅಂದೆ."

ಅವಳು ಅವನ ಕೈಯಿಂದ ಬ್ರಷ್ಷು ಕಿತ್ತು ಅಂಟಿನ ಡಬ್ಬಕ್ಕೆ ಎಸೆದಳು. ಆಮೇಲೆ ಆ ಅಂಟು ಮೆತ್ತಿದ ಕೈಯನ್ನೇ ಹಿಡಿದುಕೊಂಡು ಅತ್ತಳು. ನಾನೂ ಅತ್ತೆ. ನನ್ನ ಕೈಯಾರೆ ಕಟ್ಟಿಕೊಟ್ಟ ಪೊಟ್ಟಣಗಳು ಕಣ್ಣಮುಂದೆ ಬಂದವು.

ಅತ್ತರೆ ಮುಗಿಯಿತೇ? ನಮ್ಮ ಯಜಮಾನರು ಸುಮ್ಮನಿರುವ ಪೈಕಿಯೇ? ಯಂತ್ರ ಬಿಟ್ಟು ಮುಂದೆ ಬಂದರು. ಮುಖ ಕೆಂಪೇರಿತ್ತು.

"ಸಿಸ್ಟರ್, ಇದೆಲ್ಲ ಪುಸ್ತಕದ ಬದನೆಕಾಯಿ. ಆರು ವರ್ಷದಿಂದ ನಾನು ಇಡೀ ಮಾತ್ರೆ ನುಂಗ್ತಿದೀನಿ. ಇವನು ನುಂಗಿದ್ದು ಕಾಲು! ಅದೇ ಮಾತ್ರೆ, ಅದೇ ಮನೆ, ನನ್ನ ಸ್ವಂತ ಅಕ್ಕನ ಮಗ. ನನಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ! ನನಗಾಗದೇ ಇದ್ದಿದ್ದು ಇವನಿಗೆ ಹೇಗಾಗುತ್ತೆ?"

ಸಿಸ್ಟರ್ ಚಹಾದ ಲೋಟ ಕೆಳಗಿಟ್ಟರು. ಯಜಮಾನರನ್ನೇ ನೋಡಿದರು.

"ಯಜಮಾನ್ರೇ, ನಾವು ಹುಡುಕ್ತಿರೋದು ನಿಮ್ಮನ್ನೇ."

"ನನ್ನನ್ನಾ? ನನಗೇನೂ ಆಗಿಲ್ಲ ಅಂತಿದೀನಲ್ಲ!"

"ಅದಕ್ಕೇ ನೀವು ಬೇಕು. ತೊಂದರೆ ಆದೋರು ಬರ್ತಾರೆ. ತೊಂದರೆ ಆಗದೇ ಇರೋರು ಯಾಕೆ ಬರ್ತಾರೆ? ಇಬ್ಬರನ್ನೂ ಪಕ್ಕಪಕ್ಕ ಇಟ್ಟು ನೋಡದೇ ಇದ್ರೆ ವ್ಯತ್ಯಾಸ ಎಲ್ಲಿದೆ ಅಂತ ಹೇಗೆ ಗೊತ್ತಾಗುತ್ತೆ? ನೀವು ಈಗ ಕೇಳಿದ್ರಲ್ಲ, ನನಗಾಗದೇ ಇದ್ದಿದ್ದು ಇವನಿಗೆ ಹೇಗಾಯ್ತು ಅಂತ? ನಮ್ಮ ಡಾಕ್ಟ್ರುಗಳು ಕೇಳ್ತಿರೋದೂ ಅದೇ ಪ್ರಶ್ನೆ. ನೀವು ಜಗಳಕ್ಕೆ ಕೇಳಿದ್ರಿ, ಅವರು ಉತ್ತರಕ್ಕೆ ಕೇಳ್ತಿದಾರೆ. ಅಷ್ಟೇ."

ಯಜಮಾನರ ಬಾಯಿ ತೆರೆದದ್ದು ಹಾಗೇ ಉಳಿಯಿತು. ಮೂವತ್ತು ವರ್ಷದ ಸಂಸಾರದಲ್ಲಿ ಆ ದೃಶ್ಯ ನಾನು ಕಂಡದ್ದು ಅದೇ ಮೊದಲು.

ಸಿಸ್ಟರ್ ಬಿಡಿಸಿ ಹೇಳಿದರು. ನಮ್ಮ ಮೈ ಹೇಗೆ ಕೆಲಸ ಮಾಡಬೇಕೆಂಬ ಬರಹ ಪ್ರತಿಯೊಬ್ಬರೊಳಗೂ ಇರುತ್ತದಂತೆ. ಅದಕ್ಕೆ ಜೀನು ಅನ್ನುತ್ತಾರಂತೆ. ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಪುಸ್ತಕ, ಆದರೆ ಒಬ್ಬೊಬ್ಬರ ಪ್ರತಿಯಲ್ಲಿ ಅಲ್ಲಲ್ಲಿ ಅಕ್ಷರ ಬೇರೆ. ಅದರಿಂದಲೇ ಒಂದೇ ಮಾತ್ರೆ ಒಬ್ಬರ ಮೈಗೆ ಒಂದು ಥರ, ಇನ್ನೊಬ್ಬರ ಮೈಗೆ ಇನ್ನೊಂದು ಥರ ಹಿಡಿಸುತ್ತಿರಬಹುದು ಎಂಬುದು ಅವರ ಅನುಮಾನ.

"ಅಚ್ಚಿನ ತಪ್ಪು ಅನ್ನಿ" ಎಂದರು ಯಜಮಾನರು, ಸ್ವಲ್ಪ ಮೆತ್ತಗಾಗಿ.

"ತಪ್ಪಲ್ಲ, ವ್ಯತ್ಯಾಸ. ಒಬ್ಬರಿಗೆ ಗುಂಗುರು ಕೂದಲು, ಒಬ್ಬರಿಗೆ ನೇರ ಕೂದಲು. ಯಾರದ್ದು ತಪ್ಪು?"

"ಅದು ಸರಿ. ಆದ್ರೆ ನಮ್ಮ ರಕ್ತ ತಗೊಂಡು ಈ ಮನೆತನದಲ್ಲಿ ದೋಷ ಇದೆ ಅಂತ ಬರೆದುಬಿಟ್ರೆ? ನಾಳೆ ಸಂಬಂಧ ಬೆಳೆಸೋರು ಏನಂತಾರೆ? ಬಾಯಿ ಬಿಟ್ರೆ ಬಣ್ಣಗೇಡು!"

"ನಿಮ್ಮ ಹೆಸರು ಅಲ್ಲಿ ಓಡಾಡಲ್ಲ, ಒಂದು ನಂಬರ್ ಹಾಕ್ತಾರೆ. ಒಪ್ಪಿಗೆ ಪತ್ರ ಓದಿ, ಅರ್ಥ ಆದ್ರೆ ಮಾತ್ರ ಸಹಿ ಮಾಡಿ. ಬೇಡ ಅನ್ನಿಸಿದ್ರೆ ಯಾವಾಗ ಬೇಕಾದ್ರೂ ಹಿಂದೆ ಸರೀಬಹುದು, ಅದಕ್ಕೆ ನಿಮ್ಮ ಚಿಕಿತ್ಸೆ ಯಾರೂ ನಿಲ್ಲಿಸಲ್ಲ. ಇನ್ನೊಂದು ಮಾತು ಮೊದಲೇ ಹೇಳಿಬಿಡ್ತೀನಿ. ನಾಳೆ ರಕ್ತ ಕೊಟ್ರೆ ನಾಡಿದ್ದು ಗುಣ ಆಗುತ್ತೆ ಅಂತಲ್ಲ. ಉತ್ತರ ಸಿಗೋಕೆ ವರ್ಷಗಳೇ ಆಗಬಹುದು. ನಿಮ್ಮ ಹುಡುಗನಿಗೆ ಹೀಗಾಗಿದ್ದು ಮಾತ್ರೆಯಿಂದಲೇ ಅಂತ ನಾನು ಇಲ್ಲಿ ಕೂತು ಹೇಳಕ್ಕಾಗಲ್ಲ. ಬೇರೆ ಕಾರಣಾನೂ ಇರಬಹುದು. ಪರೀಕ್ಷೆ ಮಾಡಿ ನೋಡ್ಬೇಕು."

ಆಮೇಲೆ ಗುಂಗುರುವಿನ ಹತ್ತಿರ ಹೋಗಿ ದನಿ ತಗ್ಗಿಸಿದರು. "ತಮ್ಮಾ, ಅಧ್ಯಯನಕ್ಕೆ ಬರೋದು ಬಿಡೋದು ನಿನ್ನಿಷ್ಟ. ಆದ್ರೆ ಇದ್ದು ಏನು ಪ್ರಯೋಜನ ಅಂದ್ಯಲ್ಲ, ಆ ಮಾತು ನಾನು ಬಿಟ್ಟು ಹೋಗಲ್ಲ. ಅದಕ್ಕೆ ಚಿಕಿತ್ಸೆ ಇದೆ. ಅದಕ್ಕೆ ವರ್ಷ ಕಾಯ್ಬೇಕಾಗಿಲ್ಲ. ಇವತ್ತೇ ನನ್ನ ಜೊತೆ ಬಾ. ನಿನ್ನ ಹತ್ರ ಯಾರಾದ್ರೂ ಒಬ್ಬರು ಇರಲಿ."

ಅವನು ತಲೆ ಎತ್ತಲಿಲ್ಲ. "ಡಾಕ್ಟ್ರು ನಂಬ್ತಾರಾ ಸಿಸ್ಟರ್? ಮಾವನೇ ನಂಬಲಿಲ್ಲ."

ಆ ಮಾತು ಯಜಮಾನರಿಗೆ ನಾಟಿತು. ಸೀದಾ ಬಂದು ಅವನ ಟೋಪಿ ತೆಗೆದು, ಮಗುವಿನ ತಲೆ ಸವರಿದ ಹಾಗೆ ತಲೆ ಸವರಿದರು.

"ತಪ್ಪಾಯ್ತು ಕಣೋ. ನನಗೆ ಆಗಿಲ್ಲ ಅಂತ ನಿನಗೂ ಆಗಿಲ್ಲ ಅಂದ್ಕೊಂಡೆ. ನಾನು ಕತ್ತರಿಸಿಕೊಟ್ಟೆನಲ್ಲೋ, ಇದೇ ಕೈಯಲ್ಲಿ. ನಡಿ, ನಾನೂ ಬರ್ತೀನಿ. ನಂಬದೇ ಇದ್ರೆ ನಾನು ಹೇಳ್ತೀನಿ ಅವರಿಗೆ."

ಹೇಳಿದವರೇ ಮೇಜಿನ ಮೇಲಿದ್ದ ತಮ್ಮ ಮಾತ್ರೆಯ ಸ್ಟ್ರಿಪ್ ಎತ್ತಿಕೊಂಡು ಬುಟ್ಟಿಗೆ ಎಸೆದರು. "ಈ ದರಿದ್ರದ ಮಾತ್ರೆಯ ಸಹವಾಸವೇ ಬೇಡ!"

"ಏ ಏ, ಯಜಮಾನ್ರೇ!" ಸಿಸ್ಟರ್ ಓಡಿ ಹೋಗಿ ಬುಟ್ಟಿಯಿಂದ ತೆಗೆದರು. "ಇದು ನಿಮಗೆ ಅಂತ ಡಾಕ್ಟ್ರು ನೋಡಿ ಬರೆದಿದ್ದು. ನಿಮಗೆ ಬೇಕು. ಕೇಳ್ದೆ ಶುರು ಮಾಡೋದು ಎಷ್ಟು ತಪ್ಪೋ, ಕೇಳ್ದೆ ನಿಲ್ಲಿಸೋದೂ ಅಷ್ಟೇ ತಪ್ಪು!"

ಅಷ್ಟು ದುಃಖದಲ್ಲೂ ನನಗೆ ನಗು ಬಂತು. ನಮ್ಮ ಯಜಮಾನರಿಗೆ ಒಂದೋ ಈ ದಡ, ಇಲ್ಲವೋ ಆ ದಡ. ನಡುವೆ ನೀರಿದೆ ಎಂಬುದೇ ಗೊತ್ತಿಲ್ಲ.

ಅವತ್ತು ಮಧ್ಯಾಹ್ನ ಅಂಗಡಿಗೆ ಬೀಗ ಬಿತ್ತು. ಅರ್ಧ ಮಡಿಸಿದ ಕಿರುಪುಸ್ತಕಗಳು ಮೇಜಿನ ಮೇಲೆಯೇ ಉಳಿದವು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಗುಂಗುರುವಿನ ಜೊತೆ ಒಂದು ಗಂಟೆ ಮಾತಾಡಿದರು. ಮೊದಲು ಅವನೊಬ್ಬನ ಜೊತೆ, ಆಮೇಲೆ ಹೆಂಡತಿಯನ್ನೂ ಕೂರಿಸಿಕೊಂಡು. ಯಾವಾಗ ಶುರು ಮಾಡಿದ, ಎಷ್ಟು ನುಂಗಿದ, ಯಾವಾಗ ಬಿಟ್ಟ, ಎಲ್ಲ ಬರೆದುಕೊಂಡರು. ಸಕ್ಕರೆ, ಥೈರಾಯ್ಡ್, ಹಾರ್ಮೋನು ಎಂದು ಪರೀಕ್ಷೆಗಳಾದವು. ಮನಸ್ಸಿನ ಡಾಕ್ಟರಿಗೂ ಚೀಟಿ ಕೊಟ್ಟರು. ಔಷಧಿಯ ಅಡ್ಡಪರಿಣಾಮವನ್ನು ವರದಿ ಮಾಡುವ ಫಾರಂ ಒಂದನ್ನು ತುಂಬಿ, "ನೀವು ಹೇಳದೇ ಇದ್ರೆ ಲೆಕ್ಕಕ್ಕೇ ಸಿಗಲ್ಲ, ಎಷ್ಟೋ ಜನ ನಾಚಿಕೆಗೆ ಹೇಳೋದೇ ಇಲ್ಲ" ಎಂದರಂತೆ.

ಹೊರಗೆ ಬಂದಾಗ ಅವನು ಹೇಳಿದ್ದು ಒಂದೇ ಮಾತು. "ನಂಬಿದ್ರು ಅತ್ತೆ."

ಶನಿವಾರ ಹುಡುಗಿಯ ಬಸ್ಸು ಅವಳಿಲ್ಲದೆ ಹೋಯಿತು. ಮಡಚಿಟ್ಟಿದ್ದ ಬಟ್ಟೆ ಮತ್ತೆ ಕಪಾಟಿಗೆ ಹೋಯಿತು. ನಾನು ಕೇಳಲೂ ಇಲ್ಲ, ಅವಳು ಹೇಳಲೂ ಇಲ್ಲ.

ಮುಂದಿನ ವಾರ ಮಾವ ಅಳಿಯ ಇಬ್ಬರೂ ಅಧ್ಯಯನಕ್ಕೆ ಸಹಿ ಮಾಡಿದರು. ಒಪ್ಪಿಗೆ ಪತ್ರವನ್ನು ಯಜಮಾನರು ಎರಡು ಸಲ ಓದಿದರು, ನನ್ನಿಂದ ಒಂದು ಸಲ ಓದಿಸಿದರು. ರಕ್ತ ಕೊಟ್ಟಾಯಿತು. ಆಮೇಲೆ ಒಂದು ಸಣ್ಣ ಕೊಳವೆ ಕೊಟ್ಟು ಇಷ್ಟು ಗೆರೆಯವರೆಗೆ ಎಂಜಲು ತುಂಬಿಸಿ ಎಂದರು. ಊರನ್ನೆಲ್ಲ ಬೈಯುವಾಗ ಯಜಮಾನರ ಬಾಯಿ ತುಂಬ ಇರುವ ಎಂಜಲು ಅಲ್ಲಿ ಬರಲೊಲ್ಲದು! ಕಾಲು ಗಂಟೆ ಒದ್ದಾಡಿದರು. ಪಕ್ಕದಲ್ಲಿ ಗುಂಗುರುವಿನ ಕೊಳವೆ ಆಗಲೇ ತುಂಬಿತ್ತು. "ಮಾವ, ಇಡೀ ಮಾತ್ರೆ ನುಂಗೋರು ನೀವು, ಕಾಲು ಕೊಳವೆ ತುಂಬಿಸಕ್ಕಾಗಲ್ವಾ?" ಎಂದ. ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನು ಹಾಸ್ಯ ಮಾಡಿದ್ದು ಕೇಳಿ ಒಂದು ವರ್ಷವಾಗಿತ್ತು. ಯಜಮಾನರು ಸಿಟ್ಟಾಗುವುದು ಬಿಟ್ಟು ತಾವೂ ನಕ್ಕರು.

ಇದಾಗಿ ಏಳು ತಿಂಗಳು. ಪೂರ್ತಿ ಸರಿಹೋಯಿತೇ ಎಂದು ನೀವು ಕೇಳುತ್ತೀರಿ. ಇಲ್ಲ. ಕಥೆ ಚೆನ್ನಾಗಿರಲಿ ಎಂದು ಸುಳ್ಳು ಹೇಳಲಾರೆ. ಅಧ್ಯಯನದ ಉತ್ತರ ಇನ್ನೂ ಬಂದಿಲ್ಲ. ಆದರೆ ಹುಡುಗ ನಿದ್ದೆ ಮಾಡುತ್ತಿದ್ದಾನೆ. ಹೊಲಿಗೆ ಬಿಚ್ಚುವುದು ನಿಂತಿದೆ. ಮನಸ್ಸಿನ ಡಾಕ್ಟರ ಹತ್ತಿರ ತಪ್ಪದೇ ಹೋಗುತ್ತಾನೆ, ಇಬ್ಬರೂ ಜೊತೆಯಾಗಿ ಹೋಗುವ ದಿನಗಳೂ ಇವೆ. ಒಳ್ಳೆಯ ದಿನಗಳು ಹೆಚ್ಚು, ಕೆಟ್ಟ ದಿನಗಳು ಕಡಿಮೆ.

ಮೊನ್ನೆ ಕೆಲಸ ಬಹಳವಿತ್ತು. ಸಂಜೆಯೊಳಗೆ ಸಾವಿರ ಪ್ರತಿ ಹೋಗಬೇಕು. ಅಂಥ ಹೊತ್ತಿನಲ್ಲಿ ಅವನು ಅಂಟಿನ ಮೇಜಿನಿಂದ ಕರೆದ, "ಇವತ್ತು ಯಾಕೋ ಚೆನ್ನಾಗಿಲ್ಲ ಕಣೇ. ಸ್ವಲ್ಪ ಹೊತ್ತು ನನ್ನ ಪಕ್ಕ ಕೂತ್ಕೋ." ಎಲ್ಲರೆದುರಿಗೇ ಹೇಳಿದ. ಹುಡುಗಿ ಮಡಿಸುವುದು ಬಿಟ್ಟು ಎದ್ದು ಹೋದಳು. ಯಜಮಾನರು ಗಡಿಯಾರ ನೋಡಲಿಲ್ಲ, ಗೊಣಗಲಿಲ್ಲ. ಅವಳ ಜಾಗದಲ್ಲಿ ತಾವೇ ಬಂದು ಕೂತು, ಅಡ್ಡಾದಿಡ್ಡಿ ಮಡಿಸತೊಡಗಿದರು. ಅವೆಲ್ಲವನ್ನೂ ನಾನು ಮತ್ತೆ ಮಡಿಸಬೇಕಾಯಿತು, ಅದು ಬೇರೆ ಮಾತು. ಅವರಿಬ್ಬರೂ ಅಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ಕೂತಿದ್ದನ್ನು ಕಂಡು ನನ್ನ ಕಣ್ಣು ತುಂಬಿತು.

ಅಣ್ಣಂದಿರೇ, ತಮ್ಮಂದಿರೇ, ಅಕ್ಕತಂಗಿಯರೇ, ಇದನ್ನು ಓದುತ್ತಿರುವ, ಕೇಳುತ್ತಿರುವ ನಿಮಗೆ ನನ್ನದೊಂದು ಮಾತು. ಕೂದಲು ಉದುರಿದರೆ ಔಷಧಿ ಬೇಡವೆಂದು ನಾನು ಹೇಳುವುದಿಲ್ಲ. ಬೇಕೆನಿಸಿದರೆ ಡಾಕ್ಟರಿಗೆ ತೋರಿಸಿ, ಅಡ್ಡಪರಿಣಾಮ ಏನಿದೆ ಎಂದು ಬಾಯಿಬಿಟ್ಟು ಕೇಳಿ, ಮೊದಲೇ ಮನಸ್ಸಿನ ತೊಂದರೆಯಿದ್ದರೆ ಮುಚ್ಚಿಡದೆ ಹೇಳಿ. ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಬೇಡ, ಎಷ್ಟೇ ಚೊಕ್ಕವಾಗಿ ಕತ್ತರಿಸಿದ್ದರೂ ಬೇಡ. ತೆಗೆದುಕೊಂಡ ಮೇಲೆ ಮೈಯಲ್ಲಿ ಮನಸ್ಸಿನಲ್ಲಿ ಏನಾದರೂ ಬದಲಾದರೆ ನಾಚಿಕೆ ಬಿಟ್ಟು ಡಾಕ್ಟರ ಹತ್ತಿರ ಹೋಗಿ. ಬದುಕುವುದೇ ಬೇಡ ಎಂಬ ಮಾತು ಬಂದರೆ ಅವರನ್ನು ಒಂಟಿ ಬಿಡಬೇಡಿ, ಅದೇ ದಿನ ಕರೆದುಕೊಂಡು ಹೋಗಿ. ಅಧ್ಯಯನಕ್ಕೆ ಯಾರಾದರೂ ಕರೆದರೆ ಪೂರ್ತಿ ಓದಿ, ಪ್ರಶ್ನೆ ಕೇಳಿ, ಒಪ್ಪಿಗೆಯಾದರೆ ಕೊಡಿ. ನಿಮ್ಮ ಒಂದು ತೊಟ್ಟು ರಕ್ತದಿಂದ ನಾಳೆ ಯಾರದೋ ಮನೆಯ ಹುಡುಗನಿಗೆ, ಈ ಮಾತ್ರೆ ನಿನಗೆ ಆಗುತ್ತದೆ ಅಥವಾ ಆಗುವುದಿಲ್ಲ ಎಂದು ನುಂಗುವ ಮೊದಲೇ ಹೇಳುವ ಕಾಲ ಬಂದರೂ ಬಂದೀತು.

ನಿಮ್ಮ ಮನೆಯಲ್ಲಿ ಯಾರಾದರೂ "ನನಗೇನೋ ಆಗಿದೆ" ಎಂದರೆ "ನನಗೇನೂ ಆಗಿಲ್ಲವಲ್ಲ" ಎಂದು ಉತ್ತರ ಕೊಡಬೇಡಿ. "ಏನಾಗಿದೆ, ಹೇಳು" ಎನ್ನಿ. ನಮ್ಮ ಮನೆಯಲ್ಲಿ ಆ ಎರಡು ಮಾತು ಬಾಯಿಗೆ ಬರಲು ಮಾತ್ರೆ ಶುರುವಾದಂದಿನಿಂದ ಹದಿನಾಲ್ಕು ತಿಂಗಳು ಹಿಡಿಯಿತು. ನೀವು ಇವತ್ತೇ ಕೇಳಿ.